ಒಂದೇ ಕಡಾಣಿ

ಮೋರೇರ ದಿಬ್ಬದ ಮೂರನೇ ಕಲ್ಲುಸುತ್ತಿನೊಳಗೆ
ದಾರ ಕಟ್ಟಿ, ಚೌಕ ಮಾಡಿ,
ಒಂದೊಂದೇ ಬೆರಳು ಮಣ್ಣು ಇಳಿಸುತ್ತಿದ್ದೆವು.
ಹುನಗುಂದದ ಕಡೆಯ ಬಿಸಿಲು. ನನ್ನ ಕೆಲಸ ಜರಡಿ.
ಹದಿನೇಳು ದಿನ ಬರೀ ಬೋಕಿ, ಕಪ್ಪು ಕೆಂಪು ಬೋಕಿ,
ಒಂದು ಹಲ್ಲು. ಅದು ಮನುಷ್ಯರದೋ ಕುರಿಯದೋ
ಯಾರೂ ಆಣೆ ಮಾಡಲಿಲ್ಲ.

ಹದಿನೆಂಟನೇ ದಿನ ಕಬ್ಬಿಣ.

ಮೊದಲು ಒಂದು ಬಳೆ, ಮೊಳಕೈ ತೂರುವಷ್ಟು ಅಗಲ,
ಪದರು ಪದರಾಗಿ ಎದ್ದದ್ದು, ತಂಗಳ ರೊಟ್ಟಿಯ ಹಾಗೆ.
ಇನ್ನೊಂದು, ಅದರಿಂದ ಆರು ಗೇಣು ಆಚೆ.
ಕಂಚಿನದೊಂದು ಗುಬ್ಬಿ, ನೊಗದ ತುದಿಯದು,
ನೀರಕಟ್ಟೆಯ ಪಾಚಿಯಂತೆ ಹಸಿರು.
ಕೊನೆಗೆ ಬೆರಳುದ್ದದ ಬಾಗಿದ ತುಂಡು.

ಮೇಡಂ ರಥ ಎನ್ನುತ್ತಿದ್ದರು. ನಾವು ಚಕ್ಕಡಿ.
ಎಲ್ಲೈತ್ರೀ ಅದು? ಎಂದೆ.
ಕುಂಚದ ಹಿಂಬದಿಯಿಂದ ತೋರಿಸಿದರು:
ಬಳೆಗಳ ನಡುವೆ ಮಣ್ಣು ಒಂದಿಷ್ಟು ಕಪ್ಪು, ಒಂದಿಷ್ಟು ಮೆತ್ತಗೆ.
ಅಷ್ಟೇ. ಅದೇ ಅಚ್ಚು. ಮರವನ್ನು ತಿಂದ ಮಣ್ಣು
ಮರದ ಅಳತೆಯನ್ನು ಮಾತ್ರ ನೆನಪಿಟ್ಟುಕೊಂಡಿತ್ತು.
ಮೆಲ್ಲಗೆ ಕಾಲು ಎತ್ತಿದೆ.
ಅಷ್ಟು ಹೊತ್ತೂ ಬಂಡಿಯ ಮೇಲೇ ನಿಂತಿದ್ದೆ.

ರಿಜಿಸ್ಟರಿನಲ್ಲಿ ಬಳೆಗೆ ಹೆಸರಿತ್ತು, ಗುಬ್ಬಿಗೆ ಹೆಸರಿತ್ತು.
ಬಾಗಿದ್ದಕ್ಕೆ: ವಸ್ತು ನಲವತ್ಮೂರು. ಕಬ್ಬಿಣ. ಗೊತ್ತಿಲ್ಲ.
ನಮ್ಮಪ್ಪಗ ಗೊತ್ತಿದ್ದೀತ್ರಿ, ಎಂದುಬಿಟ್ಟೆ, ಬಾಯಿ ತಪ್ಪಿ.

ಮಾನಪ್ಪ ಕಮ್ಮಾರ ಬಂದ. ಒಂದು ಕಣ್ಣಿಗೆ ಪೊರೆ,
ಕಿಡಿ ಹಾರಿ ಚುಕ್ಕಿ ಚುಕ್ಕಿಯಾದ ಮುಂಗೈ.
ಮೂವತ್ತು ವರ್ಷ ಗಾಲಿಗೆ ಹಳಿ ಕಟ್ಟಿದವ
ಈಗ ಟ್ರ್ಯಾಕ್ಟರಿನ ನೇಗಿಲ ಮೊನೆ ತಟ್ಟುತ್ತಾನೆ, ಅದೂ ಹಂಗಾಮಿದ್ದರೆ.
ಅಂಗೈಯಲ್ಲಿ ತೂಗಿದ. ಕಿವಿಯ ಹತ್ತಿರ ಹಿಡಿದು
ಉಗುರಿನಿಂದ ಮೀಟಲು ಹೋದ.
"ಬಡೀಬ್ಯಾಡ್ರೀ!" ಇನಾಮದಾರ ಮೇಡಂ ಎದ್ದೇಬಿಟ್ಟರು.
"ಬಡಿಯಾಕಲ್ರೀ ಯವ್ವಾ, ಮಾತಾಡ್ಸಾಕ."
ಮೀಟಿದ. ಇದ್ದಲಿಯ ಸಪ್ಪಳ.
"ಒಳಗ ಉಸಿರಿಲ್ಲ. ಕಡಾಣಿ ಇದು. ಎಡಗಾಲೀದು."

"ಎಡಗಾಲೀದಂತ ಹ್ಯಾಂಗ ಹೇಳ್ತೀರಿ?"
"ಸವದದ್ದು ನೋಡ್ರಿ, ಈ ಮಗ್ಗಲ. ಭಾಳ ವರ್ಷ ಉಳ್ಳೈತಿ.
ಸಾಯಾಂವನ ಸಲುವಾಗಿ ಹೊಸದಾಗಿ ಮಾಡಿದ್ದಲ್ಲ."
ಅದನ್ನು ಮೇಡಂ ಕೂಡಲೇ ಬರೆದುಕೊಂಡರು.

ಬಲಗಾಲಿಯದು?
ಹುಡುಕಿದೆವು. ಅದೇ ಮಣ್ಣು ಮೂರು ಸಲ ಜರಡಿ.
ಚಪ್ಪಡಿಯ ಬುಡ, ಗಡಿಗೆಯ ಒಡಲು, ಹೆಗ್ಗಣ ಕೊರೆದ ದಾರಿ.
ಇಲ್ಲ.
ಸಂಜೆ ಮೇಡಂ ಓದಿ ಹೇಳಿದರು: ಬಹುಶಃ ವಿಧಿಯ ಭಾಗ.
ಹೋದವನು ಬಂಡಿ ಹೂಡಿಕೊಂಡು ಮರಳದಿರಲೆಂದು
ಉಳಿದವರು ಒಂದನ್ನು ಕಿತ್ತಿಟ್ಟುಕೊಂಡಿರಬೇಕು.
ಚಂದ ಬರೆದಿದ್ದರು. ನನಗೆ ಮೈ ಜುಮ್ಮೆಂದಿತು.

ಅಪ್ಪ ಎಲೆಅಡಿಕೆ ಉಗುಳಿ ಬಂದು ಕೂತ.
"ಕಮ್ಮಾರ ಇಟಗೊಂಡಾನ್ರೀ.
ಎಲ್ಲಾರೂ ಅಳಕೋತ ನಿಂತಿರ್ತಾರ.
ಅವನೂ ಅಳತಿರತಾನ, ಅಳದ ಏನು.
ಆದ್ರ ಎಷ್ಟ ಇದ್ದಲಿ ಸುಟ್ಟೈತಿ, ಎಷ್ಟ ತಿದಿ ಒತ್ಯಾನ,
ಅವಗ ಗೊತ್ತು. ಒಂದ ಸೊಂಟಕ್ಕ ಸಿಗಿಸಿದ್ರ
ಯಾರ ನೋಡ್ತಾರ?
ನಾ ಆದ್ರೂ ಹಂಗ ಮಾಡತಿದ್ನಿ."

ಮೇಡಂ ನಗಲಿಲ್ಲ. ಪುಟದ ಅಂಚಿನಲ್ಲಿ
ಸೀಸದಕಡ್ಡಿಯಿಂದ ಏನೋ ಸಣ್ಣದಾಗಿ ಬರೆದರು.

ರಾತ್ರಿ ನಿದ್ದೆ ಹತ್ತಲಿಲ್ಲ.
ಕದ್ದ ಕಡಾಣಿ ಸುಮ್ಮನಿದ್ದೀತೆ? ಬೆಂಕಿಗೆ ಬಿದ್ದಿರುತ್ತದೆ,
ಕುಡಗೋಲಾಗಿ ಯಾರದೋ ಜೋಳ ಕೊಯ್ದಿರುತ್ತದೆ,
ಸವೆದು ಕುರ್ಚಗಿ, ಕುರ್ಚಗಿ ಮುರಿದು ಮೊಳೆ,
ಮೊಳೆಗೆ ಒಂದು ಬಾಗಿಲು, ಬಾಗಿಲಿಗೆ ಒಂದು ಮದುವಣಗಿತ್ತಿ.
ಮೂಲೆಯಲ್ಲಿ ಅಪ್ಪನ ಗುಜರಿ ಡಬ್ಬಿ.
ಕೈ ಹಾಕಲಿಲ್ಲ.

ಒಯ್ಯುವ ದಿನ ಅರಳೆಯಲ್ಲಿ ಸುತ್ತಿ
ನಲವತ್ಮೂರರ ಚೀಟಿ ಅಂಟಿಸಿದರು.
ಈಗ ಅದರ ಮುಂದೆ ಹೆಸರಿತ್ತು, ಅಪ್ಪನ ಬಾಯಿಂದ ಬಂದದ್ದು.
ಜೀಪು ದಿಬ್ಬ ಇಳಿದು ಧೂಳಾಯಿತು.
ಅಪ್ಪ ಗಾಲಿಗಳನ್ನೇ ನೋಡುತ್ತಿದ್ದ.
"ಜೀಪಿಗೆ ಕಡಾಣಿ ಇರತೈತೇನವಾ?"
ಗೊತ್ತಿಲ್ಲ, ಎಂದೆ.